ಬಿಳಿ ಬಣ್ಣ ಅಳುವಿನದೋ, ಹಬ್ಬದ್ದೋ?

ತಪಸ್ಸುಕಾಲದ ನಲವತ್ತು ದಿನ ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣದ್ದು. ಗರಿಗಳ ಭಾನುವಾರ ಮತ್ತು ಶುಭ ಶುಕ್ರವಾರ ಅದು ಕೆಂಪು. ಪಾಸ್ಕ ಜಾಗರಣೆಯ ರಾತ್ರಿ ಬಿಳಿ. ಪೆಂತೆಕೋಸ್ತ್ ಹಬ್ಬಕ್ಕೆ ಮತ್ತೆ ಕೆಂಪು, ಆಮೇಲೆ ತಿಂಗಳುಗಟ್ಟಲೆ ಹಸಿರು. ಗುರುಗಳು ಪ್ರಬೋಧನೆಗೆ ನಿಲ್ಲುವ ಮೊದಲೇ ಅವರು ತೊಟ್ಟ ಬಟ್ಟೆ ಅರ್ಧ ಪ್ರಬೋಧನೆಯನ್ನು ಮುಗಿಸಿರುತ್ತದೆ. ಇಂದು ದುಃಖಿಸಬೇಕೋ ಹಿಗ್ಗಬೇಕೋ ಎಂಬುದನ್ನು ಅಕ್ಷರ ಬಾರದ ಅಜ್ಜಿಯೂ ದೂರದಿಂದಲೇ ತಿಳಿದುಕೊಳ್ಳುತ್ತಾಳೆ.

ಆದರೆ ದೇವಾಲಯದ ಬಾಗಿಲು ದಾಟಿ ಊರಬೀದಿಗೆ ಬಂದರೆ ಅದೇ ಬಿಳಿ ಬೇರೆ ಮಾತನಾಡುತ್ತದೆ. ಬಿಳಿ ಸೀರೆಯುಟ್ಟು, ಬರಿಹಣೆಯಲ್ಲಿ, ಬರಿಗೈಯಲ್ಲಿ ಎದುರಿಗೆ ಬರುವ ಹೆಂಗಸನ್ನು ಕಂಡರೆ ನಮ್ಮ ಹಿರಿಯರು ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ಒಂದೇ ಬಣ್ಣ ಒಳಗೆ ಪುನರುತ್ಥಾನದ ಸಂತೋಷ, ಹೊರಗೆ ಸಾವಿನ ಸೂತಕ. ಇದು ಹೇಗಾಯಿತು? ಬಣ್ಣಕ್ಕೆ ಭಾವನೆ ಹುಟ್ಟಿನಿಂದಲೇ ಅಂಟಿಕೊಂಡಿದೆಯೇ, ಅಥವಾ ನಾವೇ ಅಂಟಿಸಿದ್ದೇವೆಯೇ? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಹಿಡಿದು ಈ ಪ್ರಶ್ನೆಯನ್ನು ನೋಡೋಣ.

ಮಾತಿನಲ್ಲಿ ಸೇರಿಕೊಂಡ ಬಣ್ಣ

ನಮ್ಮ ಆಡುಮಾತನ್ನೇ ಮೊದಲು ಗಮನಿಸಿ. ಸಿಟ್ಟು ಬಂದವನ ಕಣ್ಣು ಕೆಂಪಾಗುತ್ತದೆ. ಅವಮಾನವಾದವನ ಮುಖ ಕಪ್ಪಿಡುತ್ತದೆ. ಹೆದರಿದವನು ಬಿಳಿಚಿಕೊಳ್ಳುತ್ತಾನೆ. ಕಪಟವಿಲ್ಲದವನ ಮನಸ್ಸು ಹಾಲಿನಂಥದ್ದು. ಹಾಗೆಂದು ಮೋಸಹೋಗದಿರಲೆಂದು ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನೂ ಹಿರಿಯರು ಜೊತೆಗಿಟ್ಟಿದ್ದಾರೆ. ಕರಿ, ಬಿಳಿ, ಕೆಂಪು, ಹಸಿರು ನಮ್ಮ ನುಡಿಯ ಹಳೆಯ ಬಣ್ಣಗಳು. ನೀಲಿ ಸಂಸ್ಕೃತದಿಂದ ಬಂತು, ಗುಲಾಬಿ ಪಾರಸಿಯಿಂದ ಬಂತು, ನೇರಳೆ ಮತ್ತು ಕಿತ್ತಳೆ ಹಣ್ಣುಗಳಿಂದ ಬಂದವು.

ಬಣ್ಣ ಮತ್ತು ಭಾವಗಳನ್ನು ಜೋಡಿಸಿ ಪಟ್ಟಿ ಮಾಡುವ ಕೆಲಸವೂ ನಮ್ಮ ದೇಶದಲ್ಲಿ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಂಟು ರಸಗಳಿಗೆ ಎಂಟು ಬಣ್ಣಗಳಿವೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಇಲ್ಲಿ ಬಿಳಿ ನಗುವಿನ ಬಣ್ಣ! ನಮ್ಮ ಬೀದಿಯಲ್ಲಿ ವಿಧವೆಗೆ ಕೊಟ್ಟ ಬಣ್ಣವನ್ನೇ ನಾಟಕದ ಶಾಸ್ತ್ರ ನಗೆಗೆ ಕೊಟ್ಟಿದೆ.

ಇಂದಿನ ಮನಃಶಾಸ್ತ್ರಜ್ಞರೂ ಇದನ್ನು ಪರೀಕ್ಷಿಸಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ 30 ದೇಶಗಳ 4,598 ಜನರನ್ನು, ಯಾವ ಬಣ್ಣ ಯಾವ ಭಾವ ಎಂದು ಕೇಳಲಾಯಿತು. ಉತ್ತರಗಳು ಬಹುಮಟ್ಟಿಗೆ ಎಲ್ಲೆಡೆ ಹೋಲುತ್ತಿದ್ದವು. ಕೆಂಪು ಪ್ರೀತಿಯೂ ಹೌದು, ಕೋಪವೂ ಹೌದು ಎಂದು ಬಹುತೇಕ ಎಲ್ಲರೂ ಹೇಳಿದರು. ಆದರೆ ಕೆಲವು ಕಡೆ ದೇಶದ ಆಚಾರ ಎದ್ದು ಕಂಡಿತು. ಚೀನಾದವರು ಬಿಳಿಯನ್ನು, ಗ್ರೀಸಿನವರು ನೇರಳೆಯನ್ನು ಉಳಿದವರಿಗಿಂತ ಹೆಚ್ಚಾಗಿ ದುಃಖಕ್ಕೆ ಜೋಡಿಸಿದರು. ಚೀನಾದಲ್ಲಿ ಶವಸಂಸ್ಕಾರಕ್ಕೆ ಉಡುವುದು ಬಿಳಿ. ಗ್ರೀಸಿನ ಆರ್ಥೊಡಾಕ್ಸ್ ದೇವಾಲಯಗಳಲ್ಲಿ ಶೋಕಕ್ಕೆ ತೊಡುವುದು ನೇರಳೆ. ಅಂದರೆ ಕಣ್ಣು ಎಲ್ಲರದೂ ಒಂದೇ, ಆದರೆ ಆ ಕಣ್ಣಿಗೆ ಪಾಠ ಹೇಳುವುದು ಅವರವರ ಊರು.

ಶ್ರೀರಂಗಪಟ್ಟಣದ ಕೆಂಪು

ಊರು ಹೇಗೆ ಪಾಠ ಹೇಳುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯೇ ಸಾಕ್ಷಿ. 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಳಿಲೂರಿನ ಕಾಳಗದ ದೊಡ್ಡ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ನಡೆದ ಈ ಕಾಳಗದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸೋಲಿಸಿತು. ಚಿತ್ರದಲ್ಲಿ ಕೆಂಪು ಕೋಟಿನ ಸಿಪಾಯಿಗಳು ನಾಲ್ಕೂ ಕಡೆಯಿಂದ ಸುತ್ತುವರಿಯಲ್ಪಟ್ಟಿದ್ದಾರೆ. ಗಾಯಗೊಂಡ ಬೇಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ. ಬರೆಸಿದವರಿಗೆ ಆ ಕೆಂಪು ಸೋತ ವೈರಿಯ ಬಣ್ಣ, ನೋಡಿ ನಗುವ ಬಣ್ಣ.

1799ರ ಮೇ 4ರಂದು ಅದೇ ಕೆಂಪು ಕೋಟುಗಳು ಕೋಟೆಯ ಒಡೆದ ಗೋಡೆ ಹತ್ತಿ ಒಳಗೆ ನುಗ್ಗಿದವು. ಟಿಪ್ಪು ಮಡಿದ. ಆ ರಾತ್ರಿ ಪಟ್ಟಣದಲ್ಲಿ ಲೂಟಿ ನಡೆಯಿತು. ಮನೆಯ ಗಂಡಸರನ್ನು ಕಳೆದುಕೊಂಡ ಕೋಟೆಯ ಕುಟುಂಬಗಳಿಗೆ ಅಂದು ಕೆಂಪು ಎಂದರೆ ನಡುಕ. ಆದರೆ ಅದೇ ಪಟ್ಟಣದಲ್ಲಿ ಇನ್ನೊಂದು ಗುಂಪಿತ್ತು. 1784ರಲ್ಲಿ ಕೆನರಾ ಕರಾವಳಿಯಿಂದ ಹಿಡಿದು ತಂದಿದ್ದ ಸಾವಿರಾರು ಕ್ರೈಸ್ತರಲ್ಲಿ ಹದಿನೈದು ವರ್ಷದ ಸೆರೆಯಲ್ಲಿ ಬದುಕಿ ಉಳಿದವರು ಅವರು. ಅವರಿಗೆ ಕೆಂಪು ಕೋಟು ಎಂದರೆ ಊರಿಗೆ ಮರಳುವ ದಾರಿ. ಒಂದೇ ದಿನ, ಒಂದೇ ಬೀದಿ, ಒಂದೇ ಬಣ್ಣ. ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ಭಯ. ಇಬ್ಬರ ಕಣ್ಣೀರೂ ನಿಜವೇ.

ಆ ಗೋಡೆಯ ಚಿತ್ರದ ಮುಂದಿನ ಕಥೆಯೂ ಸ್ವಾರಸ್ಯದ್ದು. ಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದವನು ಇಂಗ್ಲಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ. ತನ್ನವರ ಸೋಲನ್ನು ತೋರಿಸುವ ಚಿತ್ರವನ್ನು ಅವನು ಅಳಿಸಿಹಾಕಲಿಲ್ಲ, ಸರಿಪಡಿಸಿದ. ಮುಂದೆ ಸುಣ್ಣದಡಿ ಮುಚ್ಚಿಹೋದ ಅದನ್ನು ಗವರ್ನರ್ ಜನರಲ್ ಡಾಲ್ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಯಿತು. ಸೋಲಿನ ನೋವು ಆರಿದ ಮೇಲೆ ಆ ಕೆಂಪು ನೋಡುವವರಿಗೆ ಬರಿಯ ಚರಿತ್ರೆಯಾಗಿ ಉಳಿಯಿತು.

ಕರಿಯ ಅಂಗಿ, ಕಾವಿಯ ಅಂಗಿ

ಇದಕ್ಕೂ ಒಂದೂವರೆ ಶತಮಾನ ಹಿಂದೆ, ಶ್ರೀರಂಗಪಟ್ಟಣ ಮೈಸೂರು ಅರಸರ ರಾಜಧಾನಿಯಾಗಿದ್ದಾಗ, ನಮ್ಮ ಗುರುಗಳಿಗೇ ಬಣ್ಣದ ಪ್ರಶ್ನೆ ಎದುರಾಗಿತ್ತು. ಯೂರೋಪಿನಿಂದ ಬಂದ ಯೇಸುಸಭೆಯ ಗುರುಗಳ ನಿಲುವಂಗಿ ಕಪ್ಪು. ಅವರ ನಾಡಿನಲ್ಲಿ ಕಪ್ಪು ವಿನಯದ, ಲೋಕವನ್ನು ತ್ಯಜಿಸಿದವರ ಬಣ್ಣ. ಇಲ್ಲಿನ ಜನಕ್ಕೆ ಮಾತ್ರ ಅದು ಫರಂಗಿಯವರ ಬಣ್ಣ, ಹತ್ತಿರ ಸೇರಿಸಬಾರದವರ ಗುರುತು.

ಮದುರೆಯಲ್ಲಿ ರಾಬರ್ಟ್ ದೆ ನೊಬಿಲಿ ಇದನ್ನು ಮೊದಲು ಅರ್ಥಮಾಡಿಕೊಂಡರು. 1606ರಲ್ಲಿ ಅಲ್ಲಿಗೆ ಬಂದ ಅವರು ಕಪ್ಪು ನಿಲುವಂಗಿಯನ್ನೂ ಚರ್ಮದ ಪಾದರಕ್ಷೆಯನ್ನೂ ಬಿಟ್ಟು ಕಾವಿಯುಟ್ಟು ಮರದ ಹಾವುಗೆ ಮೆಟ್ಟಿದರು. 1640ರ ದಶಕದ ಕೊನೆಯಲ್ಲಿ ಮೈಸೂರು ಸೀಮೆಯ ಮಿಶನ್ ಆರಂಭಿಸಿದ ಲಿಯೊನಾರ್ದೊ ಚಿನ್ನಾಮಿ ಅವರೂ ಅದೇ ಹಾದಿ ಹಿಡಿದರು. ಕನ್ನಡ ಕಲಿತರು, ಕನ್ನಡದಲ್ಲಿ ಬರೆದರು, ಸನ್ಯಾಸಿಗಳಂತೆ ಕಾವಿ ಧರಿಸಿದರು. ಈ ಜನಕ್ಕೆ ಕಾವಿ ಹೊಸತಲ್ಲ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನಾಥ ಪರಂಪರೆಯ ಹಳೆಯ ಕ್ಷೇತ್ರ. ಕಾವಿಯುಟ್ಟವನು ಹೆಂಡತಿ ಮಕ್ಕಳು, ಹಣಕಾಸು ಎಲ್ಲವನ್ನೂ ಬಿಟ್ಟವನು ಎಂಬ ನಂಬಿಕೆ ಜನರಲ್ಲಿ ಬೇರೂರಿತ್ತು. ಗುರುಗಳು ಕಪ್ಪಿನಲ್ಲಿ ಹೇಳಲಾಗದ್ದನ್ನು ಕಾವಿಯಲ್ಲಿ ಹೇಳಿದರು. ಹೇಳಿದ ಮಾತು ಒಂದೇ: ನಾನು ಎಲ್ಲವನ್ನೂ ಬಿಟ್ಟು ದೇವರಿಗಾಗಿ ಬಂದವನು.

ಎಲ್ಲರೂ ಇದನ್ನು ಒಪ್ಪಲಿಲ್ಲ. ನೊಬಿಲಿಯವರ ಕ್ರಮಗಳ ಮೇಲಿನ ವಾದ ರೋಮಿನವರೆಗೆ ಹೋಯಿತು. 1623ರಲ್ಲಿ ಜಗದ್ಗುರು 15ನೇ ಗ್ರೆಗೊರಿಯವರು ಜನಿವಾರ, ಜುಟ್ಟು, ಗಂಧದಂಥ ಸ್ಥಳೀಯ ಗುರುತುಗಳಿಗೆ ಕೆಲವು ಷರತ್ತುಗಳೊಂದಿಗೆ ಅನುಮತಿ ಕೊಟ್ಟರು. ಅದೇನೇ ಇರಲಿ, ಭಾವ ಮುಟ್ಟಬೇಕಾದರೆ ಬಣ್ಣ ಬದಲಾಗಬಹುದು ಎಂಬ ಪಾಠ ಈ ಮಣ್ಣಿನಲ್ಲೇ ನಮಗೆ ಸಿಕ್ಕಿತು.

ಕಪ್ಪು ಮೋಡ, ಹಸಿರು ಶಾಲು

ಕಪ್ಪೆಂದರೆ ಅಶುಭ ಎನ್ನುವವರು ಕೃಷ್ಣರಾಜಪೇಟೆಯ ಅಥವಾ ನಾಗಮಂಗಲದ ಬೆದ್ದಲು ಹೊಲದ ರೈತನನ್ನು ಕೇಳಬೇಕು. ಬಿತ್ತನೆಯ ಹೊತ್ತಿನಲ್ಲಿ ಆಕಾಶದಂಚಿಗೆ ಕರಿಯ ಮೋಡ ಕಟ್ಟಿದರೆ ಅವನಿಗೆ ಅದಕ್ಕಿಂತ ಸಂತೋಷದ ಬಣ್ಣ ಇನ್ನೊಂದಿಲ್ಲ. ಬಿಳಿಯ ಮೋಡ ಕಂಡರೆ ಅವನ ಮನಸ್ಸು ಕುಗ್ಗುತ್ತದೆ. ಮಗುವಿನ ಕೆನ್ನೆಗೆ ದೃಷ್ಟಿ ತಾಕದಿರಲೆಂದು ಇಡುವ ಬೊಟ್ಟು ಕಪ್ಪು. ತಾಳಿಯ ಸರದಲ್ಲಿ ಪೋಣಿಸುವ ಮಣಿ ಕರಿಮಣಿ. ನಮ್ಮ ಜನ ಕಪ್ಪಿಗೆ ಹೆದರಿದ್ದಾರೆ, ಅದನ್ನೇ ಕಾವಲಿಗೂ ಇಟ್ಟುಕೊಂಡಿದ್ದಾರೆ.

ಹಸಿರಿನ ಕಥೆ ಇನ್ನೂ ಇತ್ತೀಚಿನದು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಮುಗಿದು, ನಾಲೆಯ ನೀರು ಹರಿದ ಮೇಲೆ ಒಣಗಿದ್ದ ನೆಲ ಭತ್ತ ಮತ್ತು ಕಬ್ಬಿನಿಂದ ಹಸಿರಾಯಿತು. ಬಸುರಿಗೆ ತೊಡಿಸುವ ಹಸಿರು ಬಳೆಯ ಅರ್ಥ ಹೊಲಕ್ಕೂ ಬಂತು. ಆಮೇಲೆ 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿ, ರೈತರ ಹೆಗಲಿಗೆ ಹಸಿರು ಶಾಲು ಬಂತು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು 2018ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಹೊದ್ದು ಹೋರಾಡಿದರು. ಸಮೃದ್ಧಿಯ ಬಣ್ಣ ಈಗ ಸ್ವಾಭಿಮಾನದ, ಬೇಕಾದಾಗ ಸಿಟ್ಟಿನ ಬಣ್ಣವೂ ಆಯಿತು. ಇದೆಲ್ಲ ನಮ್ಮ ಅಜ್ಜ, ಅಪ್ಪ, ಮಕ್ಕಳು ಎಂಬ ಮೂರು ತಲೆಮಾರಿನೊಳಗೆ ಆದ ಮಾರ್ಪಾಡು.

ಬಿಳಿಯ ಎರಡು ಮುಖ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಬಿಳಿಯ ಮಣ್ಣಿಗೆ ಹೆಸರಾದ ಬೆಟ್ಟ. ರಾಮಾನುಜರ ನೆನಪಿನೊಂದಿಗೆ ಬೆಸೆದುಕೊಂಡ ಆ ಮಣ್ಣನ್ನು ಶ್ರೀವೈಷ್ಣವರು ಹಣೆಯ ನಾಮಕ್ಕೆ ಬಳಸುತ್ತಾರೆ. ಅಲ್ಲಿ ಬಿಳಿ ಎಂದರೆ ಭಕ್ತಿ. ಆದರೆ ಅದೇ ಬೆಟ್ಟದ ಕೆಳಗೆ ಗಂಡನನ್ನು ಕಳೆದುಕೊಂಡವಳ ಹಣೆಯಿಂದ ಕುಂಕುಮ ಅಳಿಸಿ, ಕೈಯ ಬಳೆ ಒಡೆದು, ಬಿಳಿ ಸೀರೆ ಉಡಿಸಿದರೆ, ಆ ಬಿಳಿಗೆ ಭಕ್ತಿಯ ಗೌರವ ಸಿಗುತ್ತಿರಲಿಲ್ಲ.

ಇದನ್ನು ಬರೆದಿಟ್ಟವರಲ್ಲಿ ನಮ್ಮ ಗುರುಗಳೊಬ್ಬರೂ ಇದ್ದಾರೆ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರು ಪಟ್ಟಣ ಬಿದ್ದ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸದಲ್ಲಿಯೂ ಅವರು ಮುಂದಾದರು. 1823ರಲ್ಲಿ ತಾಯ್ನಾಡಿಗೆ ಮರಳುವವರೆಗೆ ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡರು. ಇಲ್ಲಿನ ಜನರ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ವಿಧವೆ ಬಣ್ಣದ ಬಟ್ಟೆ ಉಡುವಂತಿಲ್ಲ, ಅರಿಶಿನ ಹಚ್ಚುವಂತಿಲ್ಲ, ಹಣೆಗೆ ಬೊಟ್ಟಿಡುವಂತಿಲ್ಲ, ಮದುವೆಯ ಮನೆಗೆ ಬರುವಂತಿಲ್ಲ ಎಂಬುದನ್ನು ಅವರು ಅದರಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಅವರ ಎಲ್ಲ ಅಭಿಪ್ರಾಯಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಆ ಹೆಂಗಸರ ಬಾಳಿನಿಂದ ಬಣ್ಣವನ್ನು ಕಿತ್ತುಕೊಂಡದ್ದನ್ನು ಅವರ ಕಣ್ಣು ಕಂಡಿತ್ತು.

ಎಲ್ಲ ಜಾತಿಗಳಲ್ಲೂ ಕಟ್ಟಳೆ ಒಂದೇ ರೀತಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಮೈಸೂರಿನ ಅನೇಕ ದುಡಿಯುವ ಜನಾಂಗಗಳಲ್ಲಿ ಕೂಡಿಕೆ, ಸೀರುಡಿಕೆ ಎಂಬ ಹೆಸರಿನಲ್ಲಿ ವಿಧವೆಯ ಮರುಮದುವೆ ನಡೆಯುತ್ತಿತ್ತು. ಹೆಸರೇ ಹೇಳುವಂತೆ ಹೊಸ ಸೀರೆ ಉಡಿಸುವುದೇ ಆ ಮದುವೆಯ ಮುಖ್ಯ ಶಾಸ್ತ್ರ. ಹೋದ ಬಣ್ಣ ಒಂದು ಸೀರೆಯೊಂದಿಗೆ ಮರಳಿ ಬರುತ್ತಿತ್ತು. ಆದರೂ ಹಾಗೆ ಮದುವೆಯಾದವಳನ್ನು ಶುಭಕಾರ್ಯದ ಹಸೆಗೆ ಮುತ್ತೈದೆಯರ ಸಾಲಿನಲ್ಲಿ ಕರೆಯದ ಪದ್ಧತಿ ಬಹಳ ಕಡೆ ಇತ್ತು. 1856ರ ಕಾನೂನು ಹಿಂದೂ ವಿಧವೆಯ ಮರುಮದುವೆಗೆ ಒಪ್ಪಿಗೆ ಕೊಟ್ಟಿತು. ನೋಡುವವರ ಕಣ್ಣನ್ನು ತಿದ್ದುವುದು ಕಾನೂನಿನ ಕೈಯಲ್ಲಿ ಇರಲಿಲ್ಲ.

ಬಿಳಿ ಅಳುವಿನ ಬಣ್ಣವಾದದ್ದು ನಮ್ಮಲ್ಲಿ ಮಾತ್ರವೇ? ಅಲ್ಲ. ಫ್ರಾನ್ಸಿನ ರಾಣಿಯರು ಒಂದು ಕಾಲದಲ್ಲಿ ಗಂಡನ ಸಾವಿಗೆ ಬಿಳಿಯನ್ನೇ ತೊಡುತ್ತಿದ್ದರು. ಯೂರೋಪಿನ ಮದುಮಗಳು ಬಿಳಿಯನ್ನೇ ಉಡಬೇಕೆಂಬ ಪದ್ಧತಿಯೂ ತೀರಾ ಹಳೆಯದಲ್ಲ. 1840ರಲ್ಲಿ ವಿಕ್ಟೋರಿಯ ರಾಣಿ ತನ್ನ ಮದುವೆಗೆ ಬಿಳಿ ಉಟ್ಟ ಮೇಲೆ ಅದು ಹರಡಿತು. ಅದಕ್ಕೆ ಮೊದಲು ಹುಡುಗಿಯರು ತಮ್ಮಲ್ಲಿದ್ದ ಒಳ್ಳೆಯ ಬಟ್ಟೆಯನ್ನು, ಯಾವ ಬಣ್ಣದ್ದಾದರೂ, ಉಟ್ಟುಕೊಂಡೇ ದೇವಾಲಯಕ್ಕೆ ಹೋಗುತ್ತಿದ್ದರು. ಇಂದು ನಮ್ಮ ಮನೆಗಳ ಹುಡುಗಿಯರು ಬಲಿಪೂಜೆಗೆ ಬಿಳಿಯುಟ್ಟು, ಆಮೇಲೆ ಬಣ್ಣದ ರೇಷ್ಮೆಗೆ ಬದಲಾಯಿಸುವಾಗ ಈ ಎರಡೂ ಚರಿತ್ರೆಗಳು ಒಂದೇ ದಿನದಲ್ಲಿ ಕೂಡುತ್ತವೆ.

ಧರ್ಮಸಭೆಯೂ ಬಣ್ಣ ಬದಲಿಸಿತು

ನಮ್ಮ ದೈವಾರಾಧನೆಯ ಬಣ್ಣಗಳೂ ಆಕಾಶದಿಂದ ಇಳಿದು ಬಂದವಲ್ಲ. 12ನೇ ಶತಮಾನದ ಕೊನೆಯಲ್ಲಿ, ಮುಂದೆ 3ನೇ ಇನ್ನೊಸೆಂಟ್ ಎಂಬ ಹೆಸರಿನಲ್ಲಿ ಜಗದ್ಗುರುಗಳಾದವರು ರೋಮಿನ ರೂಢಿಯನ್ನು ಬರೆದಿಟ್ಟರು. ಹಬ್ಬಗಳಿಗೆ ಬಿಳಿ, ರಕ್ತಸಾಕ್ಷಿಗಳಿಗೆ ಮತ್ತು ಪೆಂತೆಕೋಸ್ತಿಗೆ ಕೆಂಪು, ಪಶ್ಚಾತ್ತಾಪಕ್ಕೂ ಮೃತರಿಗೂ ಕಪ್ಪು, ಉಳಿದ ದಿನಗಳಿಗೆ ಹಸಿರು. 1570ರಲ್ಲಿ ಜಗದ್ಗುರು 5ನೇ ಪಿಯುಸ್ ಅವರ ಪೂಜಾಗ್ರಂಥ ಈ ಕ್ರಮವನ್ನು ಎಲ್ಲೆಡೆ ಗಟ್ಟಿಮಾಡಿತು. ಅಷ್ಟರಲ್ಲಿ ಪಶ್ಚಾತ್ತಾಪದ ಕಾಲಕ್ಕೆ ನೇರಳೆ ಬಂದು, ಕಪ್ಪು ಮುಖ್ಯವಾಗಿ ಮೃತರಿಗೂ ಶುಭ ಶುಕ್ರವಾರಕ್ಕೂ ಉಳಿದಿತ್ತು.

ನೇರಳೆಯ ಬಾಳೇ ಒಂದು ಕಥೆ. ತೂರ್ ಪಟ್ಟಣದ ಸಮುದ್ರದ ಚಿಪ್ಪುಹುಳುಗಳಿಂದ ತೆಗೆದ ಆ ಬಣ್ಣ ಬಲು ದುಬಾರಿ, ಚಕ್ರವರ್ತಿಗಳಿಗೆ ಮೀಸಲು. ರೋಮಿನ ಸೈನಿಕರು ಪ್ರಭು ಯೇಸುವಿಗೆ ಅದನ್ನೇ ಹೊದಿಸಿ ಗೇಲಿ ಮಾಡಿದರೆಂದು ಶುಭಸಂದೇಶ ಹೇಳುತ್ತದೆ. ಅರಸನ ಗರ್ವದ ಬಣ್ಣ ಅವಮಾನದ ಬಣ್ಣವಾಗಿ, ಈಗ ನಮ್ಮ ಪಶ್ಚಾತ್ತಾಪದ ಬಣ್ಣವಾಗಿದೆ.

ಶವಸಂಸ್ಕಾರದ ಬಲಿಪೂಜೆಗೆ ನಾಲ್ಕು ಶತಮಾನ ಕಪ್ಪೇ ಇತ್ತು. ಸ್ನಾನದೀಕ್ಷೆ ಪಡೆದ ಎಳೆಯ ಮಕ್ಕಳು ತೀರಿಹೋದಾಗ ಮಾತ್ರ ಬಿಳಿ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನದ 81ನೇ ವಿಧಿ ಈ ಗೋಡೆಯನ್ನು ತೆರೆಯಿತು. ಕ್ರೈಸ್ತನ ಸಾವಿನಲ್ಲಿ ಪಾಸ್ಕದ ನಂಬಿಕೆ ಇನ್ನೂ ಸ್ಪಷ್ಟವಾಗಿ ಕಾಣಬೇಕು, ಆಯಾ ನಾಡಿನ ಸಂಪ್ರದಾಯಕ್ಕೆ ಶವಸಂಸ್ಕಾರದ ವಿಧಿ ಹೊಂದಬೇಕು, ಬಣ್ಣದ ವಿಷಯದಲ್ಲಿಯೂ ಹೀಗೆಯೇ ಆಗಬೇಕು ಎಂಬುದು ಅದರ ಸಾರ. ಅಂದಿನಿಂದ ನಮ್ಮ ದೇವಾಲಯಗಳಲ್ಲಿ ಸತ್ತವರ ಪೂಜೆಗೆ ನೇರಳೆ ಅಥವಾ ಬಿಳಿ ಬಂತು. ಎಳೆಯ ಮಗುವಿಗೆ ಮಾತ್ರ ಸಲ್ಲುತ್ತಿದ್ದ ಬಿಳಿ ಈಗ ನಮ್ಮೆಲ್ಲರಿಗೂ ಸಲ್ಲುವ ಬಣ್ಣವಾಯಿತು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಯೂರೋಪಿನವರಿಗೆ ಕಪ್ಪಿನಿಂದ ಬಿಳಿಗೆ ಬಂದದ್ದು ಶೋಕದಿಂದ ಹಬ್ಬಕ್ಕೆ ಬಂದಂತೆ. ನಮಗೆ ಬಿಳಿ ಮೊದಲೇ ಶೋಕದ ಬಣ್ಣ. ಆದ್ದರಿಂದ ಬಿಳಿ ಪೂಜಾವಸ್ತ್ರ ಧರಿಸಿದ ಗುರುಗಳು ಶವಪೆಟ್ಟಿಗೆಯ ಮುಂದೆ ನಿಂತಾಗ ನಮ್ಮ ಕಣ್ಣು ಎರಡನ್ನೂ ಒಟ್ಟಿಗೆ ಓದುತ್ತದೆ. ಅಳುವೂ ಅಲ್ಲಿದೆ, ಪುನರುತ್ಥಾನವೂ ಅಲ್ಲಿದೆ. ಅಳುವನ್ನು ಮುಚ್ಚದೆಯೇ ಭರವಸೆ ಹೇಳುವ ಭಾಗ್ಯ ನಮ್ಮ ನಾಡಿನ ಬಿಳಿಗೆ ಸಿಕ್ಕಿದೆ. ಪ್ರಕಟನಾ ಗ್ರಂಥದಲ್ಲಿ ಬಿಳಿ ನಿಲುವಂಗಿ ತೊಟ್ಟು ಸಿಂಹಾಸನದ ಮುಂದೆ ನಿಂತವರೂ ಕಷ್ಟವನ್ನು ದಾಟಿ ಬಂದವರೇ ಅಲ್ಲವೇ?

ನಮ್ಮ ಪಾಲಿನ ಕೆಲಸ

ಹಾಗಾದರೆ ಈ ಚರಿತ್ರೆ ನಮ್ಮ ಕುಟುಂಬಗಳಿಗೆ ಹೇಳುವುದೇನು? ಬಣ್ಣ ತಾನಾಗಿ ಯಾರನ್ನೂ ಅವಮಾನಿಸುವುದಿಲ್ಲ. ಅದಕ್ಕೆ ಅರ್ಥ ಕೊಟ್ಟವರು ಮನುಷ್ಯರು. ಕೊಟ್ಟ ಅರ್ಥವನ್ನು ಬದಲಿಸಿದವರೂ ಮನುಷ್ಯರೇ. ಕಲ್ಕತ್ತಾದಲ್ಲಿ 1948ರ ಆಗಸ್ಟ್ 17ರಂದು ಮದರ್ ತೆರೇಸಾ ಅವರು ನೀಲಿ ಅಂಚಿನ ಬಿಳಿಯ ಅಗ್ಗದ ಸೀರೆ ಉಟ್ಟು ಹೊರಟರು. ಬಡವರ ಬೀದಿಯ ಆ ಸೀರೆಯನ್ನು ಕಂಡರೆ ಇಂದು ಲೋಕಕ್ಕೆ ನೆನಪಾಗುವುದು ಕರುಣೆ. ಒಬ್ಬ ಹೆಣ್ಣುಮಗಳ ಬಾಳು ಒಂದು ಬಣ್ಣದ ಅರ್ಥವನ್ನೇ ತಿದ್ದಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಮದುವೆಯ ಮನೆಯಲ್ಲಿ ವಿಧವೆಯಾದ ತಾಯಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದುಂಟು. ಮಗನ ತಾಳಿಯನ್ನು ಮುಟ್ಟಿ ಹರಸಲು ಆಕೆಯನ್ನು ಕರೆಯುವುದಿಲ್ಲ. ಹೂವು ಹಂಚುವವರು ಆಕೆಯನ್ನು ದಾಟಿ ಹೋಗುತ್ತಾರೆ. ಆಕೆ ಬಣ್ಣದ ಸೀರೆ ಉಟ್ಟರೆ ಇಷ್ಟು ಬೇಗ ಮರೆತಳೇ ಎಂದು ಪಿಸುಗುಡುವವರು ನಾವೇ. ಬಿಳಿ ಉಟ್ಟರೆ ಶುಭಕಾರ್ಯಕ್ಕೆ ಹೀಗೆ ಬಂದಳೇ ಎನ್ನುವವರೂ ನಾವೇ. ನಾಯಿನ್ ಊರಿನ ಬಾಗಿಲಲ್ಲಿ ಪ್ರಭು ಯೇಸು ಒಬ್ಬ ವಿಧವೆಯನ್ನು ಕಂಡಾಗ ದಾರಿ ಬದಲಿಸಲಿಲ್ಲ. ಕನಿಕರಪಟ್ಟು ಹತ್ತಿರ ಹೋದರು. ಆಕೆ ಯಾವ ಬಣ್ಣ ಉಟ್ಟಿದ್ದಳೆಂದು ಶುಭಸಂದೇಶಕಾರರು ಬರೆದಿಲ್ಲ.

ಅಂಥ ತಾಯಂದಿರನ್ನು ಮುಂದಿನ ಸಾಲಿಗೆ ಕರೆಯೋಣ. ಮಕ್ಕಳ ಮದುವೆಯಲ್ಲಿ ಮೊದಲ ಆಶೀರ್ವಾದ ಅವರಿಂದಲೇ ಪಡೆಯೋಣ. ಅವರು ಇಷ್ಟಪಟ್ಟ ಬಣ್ಣ ಉಡಲಿ. ಬಿಳಿಯೇ ಬೇಕೆಂದರೆ ಬಿಳಿಯನ್ನೇ ಉಡಲಿ. ಪಾಸ್ಕದ ರಾತ್ರಿ ಪೂಜಾಪೀಠದಲ್ಲಿ ನಾವು ಸಂಭ್ರಮದಿಂದ ಕಾಣುವ ಬಣ್ಣವೇ ಅದು ಎಂಬುದು ಅವರನ್ನು ನೋಡುವ ನಮ್ಮ ಕಣ್ಣಿಗೆ ನೆನಪಿರಲಿ.